ಬದಲಾಗತಕ್ಕದ್ದು, ಬದಲಾಗಬಾರದ್ದು

ಮನುಷ್ಯನು ತನ್ನ ಮುಂದಿನ ಪೀಳಿಗೆಗೆ ಬಿಟ್ಟುಹೋಗುವ ಆಸ್ತಿಯು ಎರಡು ಬಗೆಯದು. ಅವನು ಇಚ್ಛಿಸಲಿ ಬಿಡಲಿ, ತಾನಾಗಿಯೇ ಮಕ್ಕಳಿಗೆ ಇಳಿದುಬರುವುದು ಒಂದು. ದೇಹದ ಕಟ್ಟು, ಕಣ್ಣಿನ ಬಣ್ಣ, ರಕ್ತದ ಗುಣ ಮೊದಲಾದುವು ಈ ಬಗೆಗೆ ಸೇರಿದುವು. ಅವನು ಮನಸ್ಸುಮಾಡಿ ಕೈಯಾರೆ ಕೊಟ್ಟರೆ ಮಾತ್ರ ಮುಂದಕ್ಕೆ ಸಾಗುವುದು ಇನ್ನೊಂದು. ಅಕ್ಷರ, ಕಸುಬು, ವಿವೇಕ, ಸದಾಚಾರಗಳು ಈ ಬಗೆಯವು. ಮೊದಲನೆಯದನ್ನು ಪ್ರಕೃತಿಯು ನೋಡಿಕೊಳ್ಳುತ್ತದೆ. ನಮ್ಮ ಅನುಮತಿಯನ್ನು ಅದು ಕೇಳುವುದಿಲ್ಲ. ಎರಡನೆಯದಕ್ಕೆ ಹೊಣೆ ಯಾರು? ಅದನ್ನು ಕೊಡುವಾಗ ಯಾವುದನ್ನು ಕಾಲದೇಶಗಳಿಗೆ ತಕ್ಕಂತೆ ಬದಲಿಸಬಹುದು, ಯಾವುದನ್ನು ಎಂದಿಗೂ ಬದಲಿಸಲಾಗದು? ಸದ್ಭಕ್ತರಾದ ವಾಚಕರೊಡನೆ ಕುಳಿತು ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ. ಇದಕ್ಕಾಗಿ ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಎರಡು ವಿಷಯಗಳನ್ನು ಎತ್ತಿಕೊಳ್ಳುತ್ತೇನೆ. ಒಂದು ಜೀವಕೋಶದೊಳಗಿನ ಒಂದು ಕಿರಿಯ ಪ್ರೋಟೀನಿನ ಕಥೆ. ಮತ್ತೊಂದು ಬಡದೇಶಗಳಲ್ಲಿ ಶಾಲೆಯ ಹೊರಗೆ ನಡೆದ ಕಲಿಕೆಯ ಕಥೆ.

ಮೊದಲು ಜೀವಕೋಶದ ಮಾತು. ನಮ್ಮ ದೇಹದ ಬಹುಮಟ್ಟಿಗೆ ಎಲ್ಲ ಬಗೆಯ ಜೀವಕೋಶಗಳಲ್ಲಿಯೂ ಒಂದು ಕೇಂದ್ರವಿದೆ. ಅದರ ಅಗಲವು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಅಷ್ಟು ಕಿರಿದಾದ ಎಡೆಯಲ್ಲಿ ಡಿ.ಎನ್.ಎ. ಎಂಬ ಎಳೆಯು, ತುದಿಯಿಂದ ತುದಿಗೆ ಜೋಡಿಸಿ ಅಳೆದರೆ ಸುಮಾರು 2 ಮೀಟರು ಉದ್ದವಾಗುವಷ್ಟು ಅಡಗಿದೆ. ಇಷ್ಟು ಉದ್ದದ ಎಳೆಯು ಸಿಕ್ಕಾಗದೆ, ಕಡಿಯದೆ, ಬೇಕಾದಾಗ ಬೇಕಾದಲ್ಲಿ ಬಿಚ್ಚಿಕೊಳ್ಳುವಂತೆ ಇರುವುದು ಹೇಗೆ? ನೇಕಾರನ ಮನೆಯನ್ನು ನೋಡಿ ಬಲ್ಲವರಿಗೆ ಉತ್ತರ ಹೊಳೆದೀತು. ನೂಲನ್ನು ಅವನು ರಾಶಿ ಹಾಕುವುದಿಲ್ಲ, ಕಂಡಿಕೆಗೆ ಸುತ್ತಿಡುತ್ತಾನೆ. ಪ್ರಕೃತಿಯು ಮಾಡಿರುವುದೂ ಅದನ್ನೇ. ವರ್ಣತಂತುಗಳಲ್ಲಿ ಈ ಎಳೆಯನ್ನು ಸುತ್ತಿಡುವ ಕಂಡಿಕೆಗಳಿಗೆ ಹಿಸ್ಟೋನುಗಳೆಂದು ಹೆಸರು.

ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಅವರು 1884ರಲ್ಲಿ ಹೆಬ್ಬಾತಿನ ರಕ್ತಕಣಗಳಿಂದ ಈ ಪ್ರೋಟೀನನ್ನು ಮೊದಲು ಬೇರ್ಪಡಿಸಿ ಹೆಸರಿಟ್ಟರು. ಬಹುಕಾಲದವರೆಗೆ ಇದು ಬರಿಯ ಹೊದಿಕೆಯೆಂದೇ ವಿದ್ವಾಂಸರು ಭಾವಿಸಿದ್ದರು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಅವರು ಇದರ ಕಟ್ಟಡವನ್ನು ವಿವರಿಸಿದರು. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡು ಕೂಡಿ ಎಂಟರ ಒಂದು ಗುಂಪಾಗುತ್ತವೆ; ಆ ಗುಂಪಿನ ಸುತ್ತ ಡಿ.ಎನ್.ಎ. ಎಳೆಯು ಎರಡು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಳ್ಳುತ್ತದೆ. ಎಳೆಯನ್ನು ಏಣಿಯೆಂದು ಭಾವಿಸಿದರೆ ಅದರ 147 ಮೆಟ್ಟಿಲುಗಳು ಒಂದು ಕಂಡಿಕೆಯ ಪಾಲಿಗೆ ಬರುತ್ತವೆ. 1997ರಲ್ಲಿ ಕ್ಷಕಿರಣಗಳ ಸಹಾಯದಿಂದ ಈ ಕಂಡಿಕೆಯ ಚಿತ್ರವು ಪರಮಾಣುಗಳ ಮಟ್ಟದವರೆಗೂ ಸ್ಪಷ್ಟವಾಗಿ ದೊರೆಯಿತು.

ಆಶ್ಚರ್ಯದ ಸಂಗತಿಯು ಇನ್ನು ಮುಂದಿದೆ. ಈ ನಾಲ್ಕರಲ್ಲಿ ಎಚ್-4 ಎಂಬುದೊಂದು. ಅದು 102 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. 1969ರಲ್ಲಿ ವಿಜ್ಞಾನಿಗಳು ಕರುವಿನ ಎಚ್-4 ಸರವನ್ನೂ ಬಟಾಣಿಗಿಡದ ಎಚ್-4 ಸರವನ್ನೂ ಪಕ್ಕದಲ್ಲಿಟ್ಟು ಮಣಿಮಣಿಯಾಗಿ ಹೋಲಿಸಿದರು. 102ರಲ್ಲಿ ಎರಡು ಮಾತ್ರ ಬೇರೆಯಾಗಿದ್ದುವು! ಹಸುವಿನ ವಂಶವೂ ಬಟಾಣಿಯ ವಂಶವೂ ಒಂದೇ ಮೂಲದಿಂದ ಕವಲೊಡೆದುದು ನೂರು ಕೋಟಿ ವರ್ಷಗಳಿಗೂ ಹಿಂದೆ. ಅಷ್ಟು ಕಾಲದಲ್ಲಿ ಒಂದಕ್ಕೆ ಬೇರು ಬಂದಿತು, ಒಂದಕ್ಕೆ ಕಾಲು ಬಂದಿತು. ಒಂದು ಬಿಸಿಲನ್ನುಂಡಿತು, ಒಂದು ಹುಲ್ಲನ್ನುಂಡಿತು. ಬದಲಾಗದೆ ಉಳಿದದ್ದು ಒಳಗಿನ ಈ ಕಂಡಿಕೆ.

ಬದಲಾವಣೆಯು ಇದರ ಬಳಿಗೆ ಬರಲೇ ಇಲ್ಲವೆಂದು ತಿಳಿಯಬಾರದು. ಇತರ ಪ್ರೋಟೀನುಗಳಲ್ಲಿ ಆಗುವಂತೆ ಇದರಲ್ಲಿಯೂ ಆಕಸ್ಮಿಕ ಮಾರ್ಪಾಡುಗಳು ಆಗುತ್ತಲೇ ಬಂದಿರಬೇಕು. ಆದರೆ ಇದರ ಬಹುತೇಕ ಪ್ರತಿಯೊಂದು ಮಣಿಯೂ ಎಳೆಯನ್ನೋ ನೆರೆಯ ಹಿಸ್ಟೋನನ್ನೋ ಹಿಡಿದುಕೊಂಡಿರುವುದರಿಂದ, ಒಂದು ಕದಲಿದರೆ ಇಡಿಯ ಕಟ್ಟೇ ಸಡಿಲವಾಗುತ್ತದೆ; ಹಾಗೆ ಸಡಿಲವಾದ ಜೀವಿಗಳು ಸಂತತಿಯನ್ನು ಬೆಳೆಸಲಾರದೆ ಅಳಿದುಹೋದುವು. ಅದೇ ವರ್ಣತಂತುವಿನಲ್ಲಿ, ಕಂಡಿಕೆ ಕಂಡಿಕೆಗಳ ನಡುವಣ ಎಳೆಯನ್ನು ಹಿಡಿಯುವ ಎಚ್-1 ಎಂಬ ಹಿಸ್ಟೋನು ಜೀವಿಯಿಂದ ಜೀವಿಗೆ ಬಹಳವಾಗಿ ಬೇರೆಯಾಗುತ್ತದೆ. ಅನೇಕ ಪ್ರಾಣಿಗಳ ವೀರ್ಯಕಣಗಳಲ್ಲಿ ಹಿಸ್ಟೋನುಗಳ ಬದಲಿಗೆ ಪ್ರೋಟಮೀನುಗಳೆಂಬ ಪ್ರೋಟೀನುಗಳು ಬಂದು ಎಳೆಯನ್ನು ಇನ್ನೂ ಬಿಗಿಯಾಗಿ ಒತ್ತಿಡುತ್ತವೆ. ಇವಂತೂ ಅತಿವೇಗವಾಗಿ ಬದಲಾಗುತ್ತ ಬಂದಿವೆ. ಎಂದಮೇಲೆ ಒಂದೇ ಮನೆಯಲ್ಲಿ ಸ್ಥಿರವಾದುದೂ ಚರವಾದುದೂ ಕೂಡಿಯೇ ಬಾಳುತ್ತಿವೆ. ಯಾವ ಭಾಗದ ಮೇಲೆ ಎಲ್ಲವೂ ನಿಂತಿದೆಯೋ ಅದು ಸ್ಥಿರ. ಸಂದರ್ಭಕ್ಕೆ ಒದಗಬೇಕಾದುದು ಚರ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಮ್ಮ ಚರ್ಮದ ಕೋಶದಲ್ಲಿಯೂ ಕಣ್ಣಿನ ಕೋಶದಲ್ಲಿಯೂ ಇರುವ ಎಳೆ ಒಂದೇ. ಹಾಗಿದ್ದರೂ ಚರ್ಮವು ಕಾಣಲಾರದು, ಕಣ್ಣು ಕಾಣುತ್ತದೆ. ಏಕೆಂದರೆ ಒಂದೊಂದರಲ್ಲಿ ಎಳೆಯ ಒಂದೊಂದು ಭಾಗವು ಬಿಚ್ಚಿಕೊಂಡಿದೆ, ಉಳಿದ ಭಾಗವು ಮುಚ್ಚಿದೆ. ಹಿಸ್ಟೋನುಗಳ ಹೊರಚಾಚಿದ ತುದಿಗಳಿಗೆ ಅಂಟುವ ಸಣ್ಣ ರಾಸಾಯನಿಕ ಗುರುತುಗಳು ಈ ತೆರೆಯುವ ಮುಚ್ಚುವ ಕಾರ್ಯದಲ್ಲಿ ಪಾಲ್ಗೊಳ್ಳುತ್ತವೆ. ವಿನ್ಸೆಂಟ್ ಆಲ್‌ಫ್ರೇ ಮತ್ತು ಅವರ ಸಂಗಡಿಗರು ಇಂಥ ಗುರುತುಗಳಿಗೂ ಎಳೆಯ ಬಳಕೆಗೂ ಸಂಬಂಧವಿರಬೇಕೆಂದು 1964ರಲ್ಲಿಯೇ ಸೂಚಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪ್ರಕೃತಿಯಲ್ಲಿ ಹೀಗಿದೆ ಎಂಬುದರಿಂದ ಮನುಷ್ಯನು ಹೀಗೆಯೇ ನಡೆಯಬೇಕು ಎಂಬ ವಿಧಿಯು ಹುಟ್ಟುವುದಿಲ್ಲ. ಪ್ರಕೃತಿಯಲ್ಲಿ ದುರ್ಬಲವಾದುದು ಅಳಿಯುತ್ತದೆಂದು ನಾವು ದುರ್ಬಲರನ್ನು ಕೈಬಿಡಬಹುದೇ? ಅಳಿಯುವುದನ್ನು ನೋಡುತ್ತ ನಿಲ್ಲುವುದು ಪ್ರಕೃತಿ, ಉಳಿಸಲು ಕೈಚಾಚುವುದು ಧರ್ಮ. ಆದುದರಿಂದ ಕಂಡಿಕೆಯ ಕಥೆಯು ನಮಗೆ ಆಜ್ಞೆಯಲ್ಲ, ಒಂದು ದೃಷ್ಟಾಂತ ಮಾತ್ರ. ಮೇಲಾಗಿ ಈ ದೃಷ್ಟಾಂತವು ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿಯೇ ನಮಗೆ ಹೆಚ್ಚಿನ ಪಾಠವಿದೆ. ಎಚ್-4 ಸರವು ತಾಯಿತಂದೆಗಳಿಂದ ಮಗುವಿಗೆ ತಾನಾಗಿ ಬರುತ್ತದೆ. ಅಕ್ಷರವು ಹಾಗೆ ಬರುವುದಿಲ್ಲ. ಮನುಷ್ಯನು ಬರೆಯಲು ಕಲಿತು ಐದು ಸಾವಿರ ವರ್ಷಗಳಿಗಿಂತ ತುಸು ಹೆಚ್ಚಾಗಿರಬಹುದು. ಆದರೂ ಇಂದಿಗೂ ಮಹಾಪಂಡಿತನ ಮಗುವು ಹುಟ್ಟುವಾಗ ಒಂದು ಅಕ್ಷರವನ್ನೂ ಬಲ್ಲುದಾಗಿ ಹುಟ್ಟುವುದಿಲ್ಲ. "ಓದು ಅವರ ರಕ್ತದಲ್ಲಿಲ್ಲ, ಅವರಿಗೇಕೆ ಅದು" ಎಂದು ಕೆಲವು ಕುಲಗಳ ಜನರನ್ನು ಕುರಿತು ಆಡುವ ಮಾತನ್ನು ನಾವು ಕೇಳಿದ್ದೇವೆ. ಪ್ರಾಯಶಃ ಆಡಿಯೂ ಇದ್ದೇವೆ. ಓದು ಯಾರ ರಕ್ತದಲ್ಲಿಯೂ ಇಲ್ಲ. ಕಲಿಯುವ ಶಕ್ತಿಯು ಎಲ್ಲ ಕುಲಗಳಿಗೂ ಬಂದಿದೆ. ಕಲಿಸುವ ಕೈ ಎಲ್ಲರ ಬಳಿಗೆ ಹೋಗಲಿಲ್ಲ, ಅಷ್ಟೆ. ಯಾವುದನ್ನು ಪ್ರಕೃತಿಯು ಕೊಡುವುದಿಲ್ಲವೋ ಅದನ್ನು ಕೊಡದಿದ್ದರೆ ದೋಷವು ಪ್ರಕೃತಿಯದಲ್ಲ, ನಮ್ಮದು.

ಹಾಗಾದರೆ ಶಾಲೆಗಳಿವೆಯಲ್ಲವೇ ಎಂದು ಕೇಳಬಹುದು. ಇವೆ. ಆದರೆ 20ನೆಯ ಶತಮಾನದ ನಡುವೆ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ಅನೇಕ ದೇಶಗಳಲ್ಲಿ ಬಹುಜನರಿಗೆ ಶಾಲೆಯ ಬಾಗಿಲು ದೂರವೇ ಉಳಿದಿತ್ತು. ನಮ್ಮ ದೇಶದಲ್ಲಿ 1951ರ ಜನಗಣತಿಯಂತೆ ನೂರಕ್ಕೆ ಸುಮಾರು 18 ಜನ ಮಾತ್ರ ಅಕ್ಷರ ಬಲ್ಲವರು. ಹೆಂಗಸರಲ್ಲಂತೂ ನೂರಕ್ಕೆ 9ರಷ್ಟು. ಶಾಲೆಯು ಗಂಟೆ ಬಾರಿಸುವ ಹೊತ್ತಿಗೆ ಇವರು ಹೊಲದಲ್ಲಿರುತ್ತಿದ್ದರು. ಆದುದರಿಂದ ಕಲಿಕೆಯೇ ಇವರಿದ್ದಲ್ಲಿಗೆ ಹೋಗಬೇಕಾಯಿತು. ಹೀಗೆ ಶಾಲೆಯ ಕಟ್ಟಿಗೆ ಹೊರತಾಗಿ, ಆದರೆ ಉದ್ದೇಶಪೂರ್ವಕವಾಗಿ ಏರ್ಪಡಿಸಿದ ಕಲಿಕೆಗೆ ಅನೌಪಚಾರಿಕ ಶಿಕ್ಷಣವೆಂದು ಹೆಸರು. ಶಿಕ್ಷಣ ಯೋಜನೆಯ ತಜ್ಞರಾದ ಫಿಲಿಪ್ ಕೂಂಬ್ಸ್ ಅವರು 1968ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೋಕದ ಶಿಕ್ಷಣವ್ಯವಸ್ಥೆಗಳ ಬಿಕ್ಕಟ್ಟನ್ನು ಚರ್ಚಿಸಿ, ಮುಂದೆ ಸಂಗಡಿಗರೊಡನೆ ಈ ಮಾರ್ಗದ ಸ್ವರೂಪವನ್ನು ವಿವರಿಸಿದರು. ಆದರೆ ಹೆಸರಿಗಿಂತ ಮೊದಲೇ ಕಾರ್ಯವು ನಡೆದಿತ್ತು.

ಕೊಲಂಬಿಯ ದೇಶದ ಸುತತೆನ್ಸ ಎಂಬ ಬೆಟ್ಟದೂರಿನಲ್ಲಿ 1947ರಲ್ಲಿ ಹೊಸೆ ಹೊಅಕೀನ್ ಸಾಲ್ಸೆದೊ ಎಂಬ ತರುಣ ಪಾದ್ರಿಯು ಒಂದು ಚಿಕ್ಕ ರೇಡಿಯೋ ಕೇಂದ್ರವನ್ನು ಹೂಡಿದನು. ರೈತರು ಒಂದು ಮನೆಯಲ್ಲಿ ಕೂಡಿ ರೇಡಿಯೋದ ಪಾಠವನ್ನು ಕೇಳುವರು. ಅವರಲ್ಲಿಯೇ ಸ್ವಲ್ಪ ಓದುಬಲ್ಲ ನೆರೆಯವನೊಬ್ಬನು ಹಲಗೆಯ ಮೇಲೆ ಬರೆದು ತೋರಿಸುವನು. ಬ್ರೆಜಿಲ್ ದೇಶದ ಆಂಜಿಕೋಸ್ ಎಂಬಲ್ಲಿ 1963ರಲ್ಲಿ ಪಾವ್ಲೋ ಫ್ರೇರೆ ಅವರು ಸುಮಾರು 300 ಮಂದಿ ಶ್ರಮಿಕರಿಗೆ 40 ಗಂಟೆಗಳ ಪಾಠದಲ್ಲಿ ಓದುಬರಹವನ್ನು ಕಲಿಸುವ ಪ್ರಯೋಗವನ್ನು ನಡೆಸಿದರು. ಇಟ್ಟಿಗೆ, ಬಾವಿ, ಕೂಲಿ ಇಂಥ ದಿನಬಳಕೆಯ ಮಾತುಗಳಿಂದ ಪಾಠವನ್ನು ಆರಂಭಿಸಿ, ಆ ಮಾತಿನ ಹಿಂದಿರುವ ಬಾಳನ್ನು ಕುರಿತು ಅವರೊಡನೆ ಚರ್ಚಿಸುವುದು ಅವರ ಕ್ರಮ. ಮರುವರ್ಷ ಸೈನ್ಯವು ಅಧಿಕಾರವನ್ನು ಹಿಡಿದಾಗ ಫ್ರೇರೆ ಸೆರೆಮನೆಯನ್ನೂ ಅನಂತರ ದೇಶಾಂತರವಾಸವನ್ನೂ ಅನುಭವಿಸಬೇಕಾಯಿತು. ಓದಲು ಕಲಿತವನು ಕೇಳಲೂ ಕಲಿಯುತ್ತಾನೆಂಬುದನ್ನು ಆಳುವವರು ಬೇಗ ತಿಳಿದುಕೊಂಡಿದ್ದರು.

ಟಾಂಜಾನಿಯದಲ್ಲಿ ಜೂಲಿಯಸ್ ನೈರೇರೆ ಅವರು 1970ನೆಯ ವರ್ಷವನ್ನು ವಯಸ್ಕರ ಶಿಕ್ಷಣದ ವರ್ಷವೆಂದು ಸಾರಿದರು. 1973ರಲ್ಲಿ ಅಲ್ಲಿ ನಡೆದ ಆರೋಗ್ಯಶಿಕ್ಷಣದ ಚಳವಳಿಯಲ್ಲಿ ಸುಮಾರು 20 ಲಕ್ಷ ವಯಸ್ಕರು ರೇಡಿಯೋ ಕೇಳುವ ಕೂಟಗಳಲ್ಲಿ ಸೇರಿ, ಕೇಳಿದ್ದನ್ನು ಚರ್ಚಿಸಿ, ತಮ್ಮ ಊರುಗಳಲ್ಲಿ ಕಕ್ಕಸುಗುಂಡಿಗಳನ್ನು ತೋಡಿದರು, ನೀರಿನ ನೆಲೆಗಳನ್ನು ಚೊಕ್ಕಟಗೊಳಿಸಿದರು. ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯು 1985ರಲ್ಲಿ 22 ಒಂದು ಕೋಣೆಯ ಶಾಲೆಗಳನ್ನು ತೆರೆಯಿತು. ಒಂದೊಂದರಲ್ಲಿ ಸುಮಾರು 30 ಮಕ್ಕಳು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಲಿಸುವವಳು ಅದೇ ಊರಿನ ಗೃಹಿಣಿ. ಮುಂದೆ ಈ ಶಾಲೆಗಳು ಸಹಸ್ರಾರುಗಳಾದುವು. ನಮ್ಮಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಸ್ವಯಂಸೇವಕರು ಮನೆಮನೆಗೆ ಹೋಗಿ ಕಲಿಸಿದುದರ ಫಲವಾಗಿ 1990ರಲ್ಲಿ ಅದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿತು. ಕನ್ನಡನಾಡಿನಲ್ಲಿಯೂ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು 1940ರ ದಶಕದಿಂದಲೇ ರಾತ್ರಿಯ ತರಗತಿಗಳನ್ನೂ ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಪತ್ರಿಕೆಯನ್ನೂ ನಡೆಸಿದುದನ್ನು ಹಿರಿಯರು ಬಲ್ಲರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಲ್ಲಿ ಎರಡು ಪೂರ್ವಪಕ್ಷಗಳಿವೆ. ಒಂದನೆಯದು ಪಂಡಿತರ ಪಕ್ಷ: "ಪದವಿಯಿಲ್ಲದ ಗುರು, ಪರೀಕ್ಷೆಯಿಲ್ಲದ ಪಾಠ, ಗೋಡೆಯಿಲ್ಲದ ಶಾಲೆ, ಇದೆಂಥ ಶಿಕ್ಷಣ? ಶಿಕ್ಷಣಕ್ಕೆ ಒಂದು ಕ್ರಮವಿದೆ. ಕ್ರಮವು ಕೆಟ್ಟರೆ ವಿದ್ಯೆಯೂ ಕೆಡುತ್ತದೆ." ಎರಡನೆಯದು ಲೋಕವ್ಯವಹಾರದವರ ಪಕ್ಷ: "ಬಡವನ ಮಗನಿಗೆ ಸಹಿ ಮಾಡುವಷ್ಟು ಬಂದರೆ ಸಾಕು. ಹಗಲು ದುಡಿಯಲಿ, ರಾತ್ರಿ ಎರಡು ಗಂಟೆ ಕಲಿಯಲಿ. ಅವನಿಗೂ ಅನುಕೂಲ, ನಮಗೂ ಅನುಕೂಲ."

ಮೊದಲನೆಯ ಪಕ್ಷವು ಚರವಾದುದನ್ನು ಸ್ಥಿರವೆಂದು ಭ್ರಮಿಸುತ್ತದೆ. ಗಂಟೆ, ಗೋಡೆ, ಮಣೆ, ಪದವಿಪತ್ರ ಇವು ವಿದ್ಯೆಯ ಹೊರಕವಚಗಳು. ವಿದ್ಯೆಗಿಂತ ಇವು ಬಹಳ ಈಚಿನವು. ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕಾಗುವುದು ತಪ್ಪುವುದಿಲ್ಲ. ಸುತತೆನ್ಸದ ರೈತನು ನೆರೆಯವನ ಮನೆಯಲ್ಲಿ ಕಲಿತ ಅಕ್ಷರಕ್ಕೂ ರಾಜಧಾನಿಯ ಶಾಲೆಯಲ್ಲಿ ಕಲಿತ ಅಕ್ಷರಕ್ಕೂ ಭೇದವಿಲ್ಲ.

ಎರಡನೆಯ ಪಕ್ಷವು ಇದಕ್ಕೆ ತಿರುಗುಮುರುಗು. ಸ್ಥಿರವಾದುದನ್ನು ಚರವೆಂದು ಭ್ರಮಿಸುತ್ತದೆ. ಇದು ಮೊದಲನೆಯದಕ್ಕಿಂತ ಅಪಾಯಕರ. ಏಕೆಂದರೆ ಇದು ದಯೆಯ ವೇಷದಲ್ಲಿ ಬರುತ್ತದೆ. ನಮ್ಮ ದೇಶದ ಅನುಭವವೇ ಇದಕ್ಕೆ ಸಾಕ್ಷಿ. ಶಾಲೆಗೆ ಬಾರದ 6ರಿಂದ 14 ವರ್ಷದ ಮಕ್ಕಳಿಗಾಗಿ 1979-80ರಲ್ಲಿ ಅನೌಪಚಾರಿಕ ಕೇಂದ್ರಗಳ ಯೋಜನೆಯು ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದನ್ನು ವಿಸ್ತರಿಸಿತು. ಉದ್ದೇಶವು ಒಳ್ಳೆಯದೇ. ಆದರೆ ದಿನಕ್ಕೆ ಕೆಲವೇ ಗಂಟೆಗಳ ಪಾಠ, ಅಲ್ಪ ಗೌರವಧನದ ಬೋಧಕ, ಮೇಲಿನ ತರಗತಿಗೆ ಏರುವ ದಾರಿ ಸಂಕುಚಿತ. ಹೀಗಿರುವಲ್ಲಿ ಅನುಕೂಲವಂತರ ಮಕ್ಕಳಿಗೆ ಒಂದು ಶಿಕ್ಷಣ, ದುಡಿಯುವ ಮಕ್ಕಳಿಗೆ ಅದಕ್ಕಿಂತ ಕೀಳಾದ ಇನ್ನೊಂದು ಶಿಕ್ಷಣ ಎಂಬಂತಾಗುತ್ತದೆಂದು ವಿಚಾರವಂತರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಸತ್ಯವಿತ್ತು. ಮಗುವಿನ ದುಡಿಮೆಯನ್ನು ನಿಲ್ಲಿಸುವ ಬದಲು, ದುಡಿಮೆಗೆ ಅಡ್ಡಿಯಾಗದಂತೆ ಪಾಠವನ್ನು ಹೊಂದಿಸುವುದು ಯಾರ ಹಿತಕ್ಕೆ? ಮುಂದೆ 2002ರ ಸಂವಿಧಾನ ತಿದ್ದುಪಡಿಯೂ, 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯೂ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನೇ ಹಕ್ಕಾಗಿ ಕೊಟ್ಟುವು. ತಪ್ಪಿಹೋದ ಮಗುವಿಗೆ ವಿಶೇಷ ತರಬೇತಿಯನ್ನು ಕೊಟ್ಟು, ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬುದು ಆ ಕಾಯಿದೆಯ ಕ್ರಮ. ಅಂದರೆ ಅನೌಪಚಾರಿಕ ಕಲಿಕೆಯು ಸೇತುವೆಯಾಯಿತು. ಬಡವನಿಗೆಂದು ಕಟ್ಟಿದ ಬೇರೆಯ ಮನೆಯಾಗಲಿಲ್ಲ. ಸೇತುವೆಯ ಧರ್ಮವೇ ಅದು. ಅದರ ಮೇಲೆ ದಾಟಬೇಕು, ಅಲ್ಲಿಯೇ ಸಂಸಾರ ಹೂಡಬಾರದು.

ಹಾಗಾದರೆ ಸಿದ್ಧಾಂತವೇನು? ಕಲಿಕೆಯ ಹೊತ್ತು, ಸ್ಥಳ, ಪುಸ್ತಕ, ಆಡುಮಾತು, ಕಲಿಸುವವರ ಉಡುಪು ಪದವಿ, ಇವೆಲ್ಲ ಚರ. ಕಲಿಯುವವನ ಅನುಕೂಲಕ್ಕೆ ತಕ್ಕಂತೆ ಎಷ್ಟು ಬೇಕಾದರೂ ಬದಲಾಗಲಿ. ನಾಲ್ಕು ಮಾತ್ರ ಸ್ಥಿರ. ಕಲಿಸುವುದು ಸತ್ಯವಾಗಿರಬೇಕು, ಬಡವನಿಗೆಂದು ಕಲಬೆರಕೆಯದಾಗಿರಬಾರದು. ಕಲಿಯುವವನು ಕಲಿಸುವವನಿಗೆ ಸಮಾನನಾದ ಮನುಷ್ಯನೆಂಬ ಭಾವವಿರಬೇಕು. ಅವನಿಗೆ ಪ್ರಶ್ನಿಸುವ ಅಧಿಕಾರವಿರಬೇಕು. ಮೇಲಕ್ಕೇರುವ ದಾರಿಯು ಅವನಿಗೆ ತೆರೆದಿರಬೇಕು. ಈ ನಾಲ್ಕರಲ್ಲಿ ಒಂದು ಕದಲಿದರೂ ಎಳೆಯು ಸಿಕ್ಕಾಗುತ್ತದೆ. ಸಮಾನಭಾವವು ಹೋದರೆ ಕಲಿಕೆಯು ಭಿಕ್ಷೆಯಾಗುತ್ತದೆ. ಪ್ರಶ್ನೆಯು ಹೋದರೆ ಬರಿಯ ಗಿಳಿಪಾಠವಾಗುತ್ತದೆ. ಮುಂದಣ ದಾರಿಯು ಹೋದರೆ ಸೆರೆಯಾಗುತ್ತದೆ. ಸತ್ಯವೇ ಹೋದರೆ ಉಳಿಯುವುದೇನು?

ಶರಣಮಾರ್ಗದಲ್ಲಿ ನಡೆಯುವವರಿಗೆ ಇದು ಹೊಸ ಮಾತಲ್ಲ. 12ನೆಯ ಶತಮಾನದಲ್ಲಿ ವಿದ್ಯೆಯು ಸಂಸ್ಕೃತದ ಗೋಡೆಯೊಳಗಿದ್ದಾಗ, ಶರಣರು ಅದರ ರೂಪವನ್ನು ಬದಲಿಸಿದರು. ಮಾತನ್ನು ಕನ್ನಡಕ್ಕೆ ತಂದರು. ಪೀಠವನ್ನು ಕಾಯಕದ ನೆಲೆಗೆ ತಂದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಅಲ್ಲಿ ಕೇಳುವವರಾಗಿ ಮಾತ್ರ ಉಳಿಯಲಿಲ್ಲ, ಹೇಳುವವರೂ ಆದರು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅವನನ್ನು ತಿದ್ದಿದಳೆಂಬ ಕಥೆಯನ್ನು ನಾವೆಲ್ಲ ಬಲ್ಲೆವು. ಆ ದಿನ ಆ ಗುಡಿಸಲಿನಲ್ಲಿ ಗುರು ಯಾರು, ಶಿಷ್ಯನಾರು? ರೂಪವನ್ನು ಇಷ್ಟು ಧೈರ್ಯದಿಂದ ಬದಲಿಸಿದ ಶರಣರು ತಿರುಳನ್ನು ಮಾತ್ರ ಎಳ್ಳಷ್ಟೂ ಸಡಿಲಿಸಲಿಲ್ಲ. ಕುಲ ಕಡಿಮೆಯೆಂದು ಅರಿವನ್ನು ಕಡಿಮೆ ಮಾಡಿ ಬಡಿಸಲಿಲ್ಲ. ದಾಸೋಹದ ಪಂಕ್ತಿಯಲ್ಲಿ ಒಬ್ಬರಿಗೊಂದು ಅನ್ನ, ಇನ್ನೊಬ್ಬರಿಗೊಂದು ಅನ್ನ ಎಂಬುದುಂಟೇ?

ಇನ್ನು ಗೃಹಸ್ಥರಾದ ನಮ್ಮ ಮಾತು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿ ಮುಂದೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಅಂದು ನಮ್ಮ ತಟ್ಟೆಗೆ ಬಿದ್ದ ಅನ್ನವನ್ನು ಯಾರು ಕೊಟ್ಟರೆಂದು ನಾವು ಕೇಳಲಿಲ್ಲ. ಹೆಸರರಿಯದ ಅನೇಕ ಭಕ್ತರು ಕೊಟ್ಟರು. ಆ ಋಣವನ್ನು ಅವರಿಗೆ ಹಿಂದಿರುಗಿಸಲು ಬಾರದು, ಮುಂದಿನವರಿಗೆ ಸಲ್ಲಿಸಬೇಕು. ನಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಗೆ ಬ್ಯಾಂಕಿನ ಕಾಗದವನ್ನು ಓದಲು ಬರುತ್ತದೆಯೇ, ಅಥವಾ ಅವಳು ಕಣ್ಮುಚ್ಚಿ ಹೆಬ್ಬೆಟ್ಟು ಒತ್ತುತ್ತಿದ್ದಾಳೆಯೇ? ಅವಳ ಸಂಗಡ ಬಂದು ಬಾಗಿಲ ಬಳಿ ಕುಳಿತುಕೊಳ್ಳುವ ಮಗಳು ಶಾಲೆಯಲ್ಲಿರಬೇಕಾದ ಹೊತ್ತಿನಲ್ಲಿ ನಮ್ಮ ಅಂಗಳದಲ್ಲಿ ಏಕಿದ್ದಾಳೆ? 14 ವರ್ಷದೊಳಗಿನ ಮಗುವನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು 2016ರ ತಿದ್ದುಪಡಿಯು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ. ಮನೆಯವರಿಗೆ ಶಾಲೆಯ ಹೊತ್ತಿನ ಹೊರಗೆ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳು ಮಾತ್ರ ಉಂಟು. ಆದರೆ ಕಾಯಿದೆಯ ಭಯದಿಂದ ಮಾಡುವುದು ಭಕ್ತನಿಗೆ ಭೂಷಣವಲ್ಲ. ತಾಯಿಗೆ ಸಂಜೆಯ ಅರ್ಧ ಗಂಟೆ ನಮ್ಮ ಮನೆಯ ಜಗಲಿಯೇ ಶಾಲೆಯಾಗಲಿ. ಮಗಳಿಗೆ ಮಾತ್ರ ಶಾಲೆಯೇ ಶಾಲೆಯಾಗಲಿ. ವಯಸ್ಸಾದವರ ಬಳಿಗೆ ಕಲಿಕೆಯು ರೂಪ ಬದಲಿಸಿಕೊಂಡು ಹೋಗಬೇಕು. ಮಗುವಿನ ಪಾಲನ್ನು ಕಡಿಮೆಮಾಡಲು ಆ ರೂಪಭೇದವನ್ನು ನೆವವಾಗಿಸಬಾರದು. ಇದೇ ವಿವೇಕ.

ಬಟಾಣಿಯಲ್ಲಿಯೂ ಕರುವಿನಲ್ಲಿಯೂ ನಮ್ಮಲ್ಲಿಯೂ ಒಂದೇ ಬಗೆಯ ಕಂಡಿಕೆಯು ಯಾರ ಪ್ರಯತ್ನವೂ ಇಲ್ಲದೆ ಸುತ್ತುತ್ತಲೇ ಇದೆ. ಅದು ನಿಲ್ಲುವ ಭಯವಿಲ್ಲ. ಅರಿವಿನ ಎಳೆಯು ಹಾಗಲ್ಲ. ಒಂದು ಪೀಳಿಗೆಯು ಕೈಬಿಟ್ಟರೆ ಅದು ಅಲ್ಲಿಗೇ ಕಡಿಯುತ್ತದೆ. ಅದನ್ನು ಹಿಡಿದಿರುವ ಕೈ ಈ ಹೊತ್ತು ನಮ್ಮದು. ಮುಂದೆ ನೀಡಿರುವ ಕೈ ಯಾವ ಕುಲದ್ದೆಂದು ಕೇಳದೆ, ಎಳೆಯನ್ನು ಕಡಿಯಗೊಡದೆ, ಇಡಿಯಾಗಿ ಅವರ ಕೈಗೆ ಸಲ್ಲಿಸುವ ಬುದ್ಧಿಯನ್ನು ಪರಶಿವನು ನಮ್ಮೆಲ್ಲರಿಗೂ ಕರುಣಿಸಲಿ.